ಚಿಂಗ್‌ಡಾವ್ ಬಿಯರ್ ಹಬ್ಬ: ಕೈಯಲ್ಲಿರೋದು ಒಂದೇ ಸಂಜೆ, ಏನೇನು ತಿಳ್ಕೊಂಡು ಹೋಗ್ಬೇಕು?

ಮಲೆನಾಡ_ಮಳೆ

ಜುಲೈ ಕೊನೆಗೆ ಕೆಲಸದ ಮೇಲೆ ಚೀನಾದ ಶಾಂದೋಂಗ್ ಪ್ರಾಂತ್ಯಕ್ಕೆ ಹೋಗೋದಿದೆ. ಚಿಂಗ್‌ಡಾವ್ ಊರಲ್ಲಿ ಬಿಡುವು ಸಿಗೋದು ಒಂದು ಸಂಜೆ ಮಾತ್ರ. ಆಗಲೇ ಅಲ್ಲಿ ಬಿಯರ್ ಹಬ್ಬ ನಡೀತಿರುತ್ತಂತೆ. ನಾವಿಬ್ಬರು, ಅದರಲ್ಲಿ ಒಬ್ಬರು ಶುದ್ಧ ಸಸ್ಯಾಹಾರಿ. ಚೀನಿ ಭಾಷೆ ಇಬ್ಬರಿಗೂ ಬರಲ್ಲ. ಅಲ್ಲಿನ ಕಂಪನಿಯವರೂ ನಾಲ್ಕೈದು ಜನ ಜೊತೆಗೆ ಬರ್ತಾರೆ. ಎಲ್ಲಿಗೆ ಹೋಗ್ಬೇಕು, ದುಡ್ಡು ಹೇಗೆ ಕೊಡೋದು, ಏನು ಕುಡಿಯೋದು, ಏನು ತಿನ್ನೋದು, ರಾತ್ರಿ ವಾಪಸ್ ಹೇಗೆ? ತಿಳಿದವರು ವಿವರವಾಗಿ ಬರೆದರೆ ಉಪಕಾರ.

ಪೂರ್ವ_ಸಮುದ್ರ

ಮೊದಲು ಜಾಗದ ವಿಚಾರ, ಏಕೆಂದರೆ ಹೊರಗಿನಿಂದ ಬಂದವರು ಹೆಚ್ಚಾಗಿ ಎಡವೋದು ಇಲ್ಲೇ. ಹಬ್ಬ 1991ರಲ್ಲಿ ಶುರುವಾಯ್ತು. ಬಹಳ ವರ್ಷ ಅದರ ಮುಖ್ಯ ಅಂಗಳ ಊರಿನ ಪೂರ್ವಕ್ಕೆ ಲಾವ್‌ಶಾನ್ ಕಡೆ ಇತ್ತು. ಈಗ ಮುಖ್ಯ ಅಂಗಳ ಕೊಲ್ಲಿಯ ಆಚೆ ದಡದಲ್ಲಿದೆ: ಪಶ್ಚಿಮ ಕರಾವಳಿ ಹೊಸ ಪ್ರದೇಶದ (ಹ್ವಾಂಗ್‌ದಾವ್) ಜಿನ್‌ಶಾತಾನ್ ಬಿಯರ್ ನಗರ. ಜಿನ್‌ಶಾತಾನ್ ಅಂದರೆ ಅಲ್ಲಿನ ಚಿನ್ನದ ಮರಳಿನ ಕಡಲತೀರ. ಲಾವ್‌ಶಾನ್ ಕಡೆಯೂ, ಹಳೇ ಊರಲ್ಲೂ ಸಣ್ಣ ಅಂಗಳಗಳು ಇರುತ್ತವೆ, ಆದರೆ ವರ್ಷ ವರ್ಷಕ್ಕೆ ಬದಲಾಗುತ್ತವೆ. ಟ್ಯಾಕ್ಸಿಯವರಿಗೆ ಬರೀ "ಬಿಯರ್ ನಗರ" ಅಂದರೆ ಯಾವ ದಡಕ್ಕೆ ಬೇಕಾದರೂ ಕರಕೊಂಡು ಹೋಗಬಹುದು. ಜಾಗದ ಹೆಸರನ್ನು ಚೀನಿ ಲಿಪಿಯಲ್ಲಿ ಫೋನಿನಲ್ಲಿ ಇಟ್ಟುಕೊಂಡು ತೋರಿಸಿ.

ಹಳೇ ಊರಿಂದ ಆಚೆ ದಡಕ್ಕೆ ದಾರಿ ಎರಡು. ಜ್ಯಾವ್‌ಜೌ ಕೊಲ್ಲಿಯ ಕೆಳಗೆ 2011ರಲ್ಲಿ ತೆರೆದ ಸುರಂಗ ರಸ್ತೆ ಒಂದು. ಅದೇ ಕೊಲ್ಲಿಯ ಅಡಿಯಲ್ಲೇ ದಾಟುವ ಮೆಟ್ರೋ 1ನೇ ಮಾರ್ಗ ಇನ್ನೊಂದು. ಹಬ್ಬದ ದಿನ ಸಂಜೆ 5ರಿಂದ 8ರವರೆಗೆ ಸುರಂಗದ ಬಾಯಲ್ಲಿ ಕಾರುಗಳು ಸಾಲುಗಟ್ಟಿರುತ್ತವೆ, ಹಾಗಾಗಿ ಹೋಗುವಾಗ ಮೆಟ್ರೋ ವಾಸಿ. ಇಳಿದ ಮೇಲೆ ಉಳಿದ ದೂರಕ್ಕೆ ಬಸ್ಸೋ ಟ್ಯಾಕ್ಸಿಯೋ ಹಿಡೀರಿ. ಮನೆ ಬಾಗಿಲಿಂದ ಹಬ್ಬದ ಬಾಗಿಲಿಗೆ ಒಂದೂವರೆ ಗಂಟೆ ಇಟ್ಟುಕೊಂಡರೆ ಗಡಿಬಿಡಿ ಇರಲ್ಲ.

ಹೊತ್ತಿನ ಲೆಕ್ಕವನ್ನು ಹಿಂದಿನಿಂದ ಹಾಕಬೇಕು. ಕೊನೆ ಮೆಟ್ರೋ ಎಷ್ಟಕ್ಕೆ ಅಂತ ಆವತ್ತೇ ನಿಲ್ದಾಣದಲ್ಲಿ ನೋಡಿ. ಹಬ್ಬದ ದಿನಗಳಲ್ಲಿ ವೇಳೆ ಬದಲಾಗಬಹುದು, ಹಳೇ ಪಟ್ಟಿ ನಂಬಬೇಡಿ. ಅದಕ್ಕಿಂತ ಒಂದೂಕಾಲು ಗಂಟೆ ಮುಂಚೆ ಮೇಜು ಬಿಡಬೇಕು. ಅದಕ್ಕೂ ಅರ್ಧ ಗಂಟೆ ಮುಂಚೆ ಕೊನೇ ಮಗ್ ತರಿಸಬೇಕು. ಹೀಗೆ ಎಣಿಸಿಕೊಂಡು ಬಂದರೆ 5:30ಕ್ಕೇ ಒಳಗೆ ಇರಬೇಕು ಅಂತ ನಿಮಗೇ ಗೊತ್ತಾಗುತ್ತೆ. ದೊಡ್ಡ ಡೇರೆಗಳಲ್ಲಿ ವೇದಿಕೆಗೆ ಹತ್ತಿರದ ಮೇಜುಗಳು ಕತ್ತಲಾಗುವ ಮುಂಚೆಯೇ ತುಂಬಿಹೋಗುತ್ತವೆ. ವಾರದ ಕೊನೆ ತಪ್ಪಿಸೋಕಾದರೆ ತಪ್ಪಿಸಿ. ಮಂಗಳವಾರ ಬುಧವಾರ ಅದೇ ಡೇರೆಯಲ್ಲಿ ಉಸಿರಾಡೋಕೆ ಜಾಗ ಇರುತ್ತೆ.

ಒಳಗೆ ಹೋಗುವ ಮುಂಚೆ ಬ್ಯಾಗು ಯಂತ್ರದಲ್ಲಿ ಹಾಯಿಸಿ ತಪಾಸಣೆ ಮಾಡ್ತಾರೆ. ಲೈಟರು, ಚಾಕು, ಹೊರಗಿನ ಬಾಟಲಿ ಒಯ್ಯಬೇಡಿ. ಅಸಲಿ ಪಾಸ್‌ಪೋರ್ಟ್ ಜೊತೆಗಿರಲಿ, ಫೋಟೋ ಪ್ರತಿ ಸಾಲದು. 16 ವರ್ಷ ದಾಟಿದ ವಿದೇಶಿಯರು ಪಾಸ್‌ಪೋರ್ಟ್ ಜೊತೆಗಿಟ್ಟುಕೊಂಡೇ ಓಡಾಡಬೇಕು ಅನ್ನೋದು ಅಲ್ಲಿನ ಕಾನೂನು. ಕುತ್ತಿಗೆಗೆ ಹಾಕುವ ತೆಳು ಚೀಲದಲ್ಲಿ, ಅಂಗಿಯ ಒಳಗೆ. ಬಿಯರ್ ಚೆಲ್ಲಾಡುವ ಜಾಗ, ಪ್ಲಾಸ್ಟಿಕ್ ಹೊದಿಕೆ ಇದ್ದರೆ ಒಳ್ಳೇದು.

ಜೇಬು_ಭದ್ರ

ದುಡ್ಡಿನ ಬಗ್ಗೆ ನಾನು ಬರೀತೀನಿ. ಇದು ಭಾರತದಲ್ಲೇ, ಹೊರಡೋ ಮುಂಚೆ ಮುಗಿಸಬೇಕಾದ ಕೆಲಸ. ಡೇರೆ ಒಳಗೆ ನಿಂತುಕೊಂಡು ಮಾಡೋದಲ್ಲ.

ಅಲಿಪೇ, ವಿಚ್ಯಾಟ್ (ಅಲ್ಲಿ ಫೋನಿನಿಂದಲೇ ದುಡ್ಡು ಕೊಡುವ ಆ್ಯಪ್‌ಗಳು) ಎರಡನ್ನೂ ಇಳಿಸಿಕೊಳ್ಳಿ. ಒಂದು ಕೈಕೊಟ್ಟರೆ ಇನ್ನೊಂದು ಇರಲಿ. ವೀಸಾ ಅಥವಾ ಮಾಸ್ಟರ್‌ಕಾರ್ಡ್ ಜೋಡಿಸಬಹುದು. ಜೋಡಣೆ ಕೆಡೋದಕ್ಕೆ ಕಾರಣ ಹೆಚ್ಚಾಗಿ ಈ ಮೂರು. ಹೆಸರನ್ನು ಪಾಸ್‌ಪೋರ್ಟಿನಲ್ಲಿ ಇರುವ ಕ್ರಮದಲ್ಲೇ ತುಂಬಿರಲ್ಲ; ನಮ್ಮಲ್ಲಿ ಇನಿಷಿಯಲ್ ಬಿಡಿಸಿ ಬರೆದವರಿಗೆ ಇದು ಖಾಯಂ ತೊಂದರೆ. ಎರಡನೇದು, ಬ್ಯಾಂಕಿನ ಆ್ಯಪ್‌ನಲ್ಲಿ ಕಾರ್ಡಿನ ವಿದೇಶಿ ಬಳಕೆ, ಆನ್‌ಲೈನ್ ಬಳಕೆ ಎರಡೂ ಬೇರೆ ಬೇರೆ ಗುಂಡಿ. ಒಂದನ್ನು ಹಾಕಿ ಇನ್ನೊಂದನ್ನು ಮರೆತಿರ್ತಾರೆ. ಮೂರನೇದು, ಒಟಿಪಿ ಬರೋದು ಭಾರತದ ಸಿಮ್ಮಿಗೆ. ರೋಮಿಂಗ್ ಇಲ್ಲದೆ ಅಲ್ಲಿ ಹೋಗಿ ಜೋಡಿಸೋಕೆ ಕೂತರೆ ಒಟಿಪಿ ಬರೋದೇ ಇಲ್ಲ.

ವಿದೇಶಿ ಕಾರ್ಡಿನಲ್ಲಿ ಒಂದು ಸಲಕ್ಕೆ 200 ಯುವಾನ್ ಒಳಗಿನ ಪಾವತಿಗೆ ಈ ಆ್ಯಪ್‌ಗಳು ಶುಲ್ಕ ಹಾಕಲ್ಲ. ಅದಕ್ಕೆ ಮೇಲೆ ಹೋದರೆ 3% ಹಿಡೀತಾರೆ. ಹಬ್ಬದಲ್ಲಿ ಹೇಗೂ ಸುತ್ತು ಸುತ್ತಾಗಿ ತರಿಸ್ತೀರಿ, ಆಗಾಗಲೇ ಕೊಟ್ಟುಬಿಡಿ. ರಾತ್ರಿ ಕೊನೆಗೆ ದೊಡ್ಡ ಬಿಲ್ಲು ಎದುರಾಗಲ್ಲ, ಏನೇನು ಬಂತು ಅನ್ನೋ ಲೆಕ್ಕವೂ ತಲೇಲಿ ಇರುತ್ತೆ.

ಇನ್ನೊಂದು ಸೂಕ್ಷ್ಮ. ಅಂಗಡಿಯವರು ನೋಂದಾಯಿಸಿದ ವ್ಯಾಪಾರಿ ಕ್ಯೂಆರ್ ಆದರೆ ನಿಮ್ಮ ಪಾವತಿ ಹೋಗುತ್ತೆ. ತಳ್ಳುಗಾಡಿಯವರು ತಮ್ಮ ಸ್ವಂತ ಖಾತೆಯ ಕ್ಯೂಆರ್ ನೇತು ಹಾಕಿದ್ದರೆ ವಿದೇಶಿ ಕಾರ್ಡಿನಿಂದ ಹೋಗದೇ ಇರಬಹುದು, "ವಿಫಲ" ಅಂತ ಬರಬಹುದು. ಅದು ನಿಮ್ಮ ಕಾರ್ಡಿನ ದೋಷ ಅಲ್ಲ. ಅದಕ್ಕೇ 300-500 ಯುವಾನ್ ನಗದು, 10 ಮತ್ತು 20ರ ನೋಟುಗಳಲ್ಲಿ ಇರಲಿ. ಗಾಜಿನ ಮಗ್ ಕೊಟ್ಟರೆ ಠೇವಣಿ ಕೇಳಬಹುದು. ಯಾವ ಕೌಂಟರಿನಲ್ಲಿ ಕೊಟ್ಟಿರೋ ಅಲ್ಲೇ ವಾಪಸ್ ಪಡೀಬೇಕು, ಆ ಚೀಟಿ ಬಿಸಾಡಬೇಡಿ.

ಇಂಟರ್ನೆಟ್ ಬಗ್ಗೆ ಒಂದೇ ಮಾತು. ವಾಟ್ಸ್ಯಾಪ್, ಗೂಗಲ್ ನಕ್ಷೆ ಅಲ್ಲಿನ ವೈಫೈನಲ್ಲಿ ತೆರೆಯಲ್ಲ. ಭಾರತದ ಸಿಮ್ ರೋಮಿಂಗ್‌ನಲ್ಲಿ ಅಥವಾ ಹೊರದೇಶದ ಇ-ಸಿಮ್‌ನಲ್ಲಿ ಸಾಮಾನ್ಯವಾಗಿ ನಡೆಯುತ್ತೆ. ದಾರಿಗೆ ಅಲ್ಲಿನ ಅಮ್ಯಾಪ್ ನಕ್ಷೆ, ಬಾಡಿಗೆ ಕಾರು ಕರೆಯೋಕೆ ಅಲಿಪೇ ಒಳಗೇ ಇರುವ ದೀದಿ ಸೇವೆ ಸಾಕು.

ಹಾಪ್ಸ್_ಮಾಲ್ಟ್

ನನಗೆ ಬೇಸರ ಆಗೋದು ಯಾವಾಗ ಅಂದರೆ, ಅಷ್ಟು ದೂರ ಹೋಗಿ ಭಾರತದಲ್ಲಿ ಸಿಗುವಂಥದ್ದೇ ಲಾಗರ್ ಒಂದು ಮಗ್ ಕುಡಿದು ವಾಪಸ್ ಬಂದಾಗ. ಚಿಂಗ್‌ಡಾವ್ ಬಿಯರಿನ ಊರು ಅನಿಸಿಕೊಂಡಿರೋದು ಸುಮ್ಮನೆ ಅಲ್ಲ. ಜರ್ಮನರ ಹಿಡಿತದಲ್ಲಿದ್ದಾಗ, 1903ರ ಆಗಸ್ಟಿನಲ್ಲಿ ಅಲ್ಲಿ ಬ್ರೂವರಿ ಶುರುವಾಯ್ತು, ಬಂಡವಾಳ ಇಂಗ್ಲಿಷರು ಮತ್ತು ಜರ್ಮನರು ಸೇರಿ ಹಾಕಿದ್ದು. 1914ರಲ್ಲಿ ಊರು ಜಪಾನೀಯರ ಕೈಗೆ ಹೋಯ್ತು, 1916ರಲ್ಲಿ ಬ್ರೂವರಿಯನ್ನೂ ಜಪಾನಿ ಕಂಪನಿ ಕೊಂಡಿತು. ಎರಡನೇ ಮಹಾಯುದ್ಧದ ನಂತರ ಚೀನೀಯರ ಪಾಲಾಯ್ತು. ಆ ಹಳೇ ಕಾರ್ಖಾನೆ ದಂಗ್‌ಜೌ ರಸ್ತೆಯ 56ನೇ ನಂಬರಿನಲ್ಲಿ ಇನ್ನೂ ನಿಂತಿದೆ. ಊರಿನವರು ಅದನ್ನು "ಮೊದಲನೇ ಕಾರ್ಖಾನೆ" ಅಂತಾರೆ, ಬಿಯರ್ ಕೊಳ್ಳುವಾಗ ಅದರದ್ದೇ ಬೇಕು ಅಂತ ಹಟ ಹಿಡೀತಾರೆ.

ಹಬ್ಬದಲ್ಲಿ ಕೇಳಬೇಕಾದ ಹೆಸರುಗಳು ಇವು. "ಜಾಪಿ" ಅಂದರೆ ಪೀಪಾಯಿಂದ ನೇರ ಮಗ್ಗಿಗೆ ಸುರಿಯೋದು. "ಚುನ್‌ಶಂಗ್" ಬಿಸಿ ಮಾಡದೆ, ಬಹಳ ಸೂಕ್ಷ್ಮ ಜಾಲರಿಯಲ್ಲಿ ಸೋಸಿ ಯೀಸ್ಟ್ ತೆಗೆದದ್ದು. ಬಣ್ಣ ತಿಳಿ, ರುಚಿ ಹಗುರ. "ಯುವಾನ್‌ಜ್ಯಾಂಗ್" ಸೋಸಿಲ್ಲ, ಕಾಯಿಸಿಯೂ ಇಲ್ಲ, ಯೀಸ್ಟ್ ಒಳಗೇ ಇರುತ್ತೆ. ಮಬ್ಬಾಗಿ ಕಾಣುತ್ತೆ, ಬ್ರೆಡ್ಡಿನ ಪರಿಮಳ, ನಾಲಗೆ ಮೇಲೆ ದಪ್ಪ. ನಿಮಗೆ ಬೇಕಾದ್ದು ಇದೇ. ತಂಪಿನಲ್ಲಿಟ್ಟರೂ ಕೆಲವೇ ದಿನ ಬಾಳೋದು, ಅದಕ್ಕೇ ಊರು ಬಿಟ್ಟು ಹೊರಗೆ ಒಳ್ಳೇ ಸ್ಥಿತಿಯಲ್ಲಿ ಸಿಗೋದು ಅಪರೂಪ. ಮಗ್ ಕೈಗೆ ಬಂದಾಗ ಹುಳಿ ವಾಸನೆಯೋ ನೆನೆದ ರಟ್ಟಿನ ವಾಸನೆಯೋ ಬಂದರೆ ಪೀಪಾಯಿ ಹಳೇದು ಅಂತ ತಿಳಿಯಿರಿ. ಮರುಮಾತಿಲ್ಲದೆ ಬದಲಿಸಿಕೊಡ್ತಾರೆ, ಕೇಳಿ.

ಚೀಲದ ಬಿಯರ್ ಬಗ್ಗೆ ಹೇಳದೆ ಬಿಟ್ಟರೆ ತಪ್ಪಾಗುತ್ತೆ. ಅದು ಡೇರೆಯಲ್ಲಿ ಅಲ್ಲ, ಹಳೇ ಊರಿನ ಗಲ್ಲಿಗಳಲ್ಲಿ. ಅಂಗಡಿ ಮುಂದೆ ಪುಟ್‌ಪಾತಿನ ಮೇಲೆ ಉಕ್ಕಿನ ಪೀಪಾಯಿಗಳು ಸಾಲಾಗಿ ನಿಂತಿರುತ್ತವೆ. ಮಾರುವವರು ದಪ್ಪ ಪಾರದರ್ಶಕ ಚೀಲದ ಬಾಯನ್ನು ನಲ್ಲಿಗೆ ಓರೆಯಾಗಿ ಹಿಡಿದು, ಬಿಯರ್ ಚೀಲದ ಗೋಡೆಯ ಮೇಲೆ ಜಾರಿ ಇಳಿಯೋ ಹಾಗೆ ಬಿಡ್ತಾರೆ. ನೇರ ಬಿಟ್ಟರೆ ಅರ್ಧ ಚೀಲ ನೊರೆಯೇ. ತುಂಬಿದ ಮೇಲೆ ತಕ್ಕಡಿಗೆ ನೇತು ಹಾಕ್ತಾರೆ. ಅಳತೆ ಲೀಟರಿನಲ್ಲಲ್ಲ, ಜಿನ್ ಲೆಕ್ಕದಲ್ಲಿ. ಒಂದು ಜಿನ್ ಅಂದರೆ 500 ಗ್ರಾಂ. ತೂಕ ಮಾಡೋದರಿಂದ ನೊರೆ ತೋರಿಸಿ ಕಡಿಮೆ ಕೊಡೋಕೆ ಆಗಲ್ಲ. ಆಮೇಲೆ ಬಾಯಿ ಗಂಟು ಹಾಕಿ ಸ್ಟ್ರಾ ಚುಚ್ಚಿ ಕೈಗೆ ಕೊಡ್ತಾರೆ. ಇಬ್ಬರಿಗೆ ಎರಡು ಜಿನ್ ಧಾರಾಳ ಸಾಕು. ಚೀಲವನ್ನು ಅಂಗೈಯಲ್ಲಿ ಹೊತ್ತರೆ ಮೈ ಶಾಖಕ್ಕೆ ಬೇಗ ಬಿಸಿಯಾಗುತ್ತೆ, ಗಂಟಿನಿಂದ ಹಿಡೀರಿ. ಅರ್ಧ ಗಂಟೆಯಲ್ಲಿ ಮುಗಿಸದಿದ್ದರೆ ಗ್ಯಾಸು ಹೋಗಿ ಸಪ್ಪೆ.

ನನ್ನನ್ನು ಕೇಳಿದರೆ ಮಧ್ಯಾಹ್ನ 3ಕ್ಕೆ ದಂಗ್‌ಜೌ ರಸ್ತೆ, ಅಲ್ಲಿಂದ ಸಂಜೆಗೆ ಆಚೆ ದಡದ ಹಬ್ಬ. ಹಳೇ ಕಾರ್ಖಾನೆಯ ಮ್ಯೂಸಿಯಂ 2003ರಲ್ಲಿ, ಬ್ರೂವರಿಗೆ ನೂರು ತುಂಬಿದಾಗ ತೆರೆದದ್ದು. ಟಿಕೆಟಿನಲ್ಲೇ ಯುವಾನ್‌ಜ್ಯಾಂಗ್ ರುಚಿ ನೋಡೋಕೆ ಕೊಡ್ತಾರೆ. ಮೊದಲು ಅಲ್ಲಿ ನಾಲಗೆಗೆ ಅಸಲಿ ರುಚಿ ಹತ್ತಿದರೆ, ಸಂಜೆ ಡೇರೆಯಲ್ಲಿ ಯಾವುದು ತಾಜಾ ಯಾವುದಲ್ಲ ಅಂತ ನಿಮಗೇ ತಿಳಿಯುತ್ತೆ.

ಮಲೆನಾಡ_ಮಳೆ

ತುಂಬಾ ಧನ್ಯವಾದ ಸರ್. ಒಂದು ಅನುಮಾನ. ಬಾಟಲಿ ಮೇಲೆ 10°, 12° ಅಂತ ಬರೆದಿರೋ ಚಿತ್ರ ನೋಡಿದೆ. ಅಷ್ಟು ಶೇಕಡಾ ಮದ್ಯನಾ?

ಹಾಪ್ಸ್_ಮಾಲ್ಟ್

ಅಲ್ಲ. ಅದು °P, ಪ್ಲೇಟೋ ಡಿಗ್ರಿ. ಹುದುಗುವ ಮುಂಚೆ ಮಾಲ್ಟಿನ ರಸದಲ್ಲಿ ಎಷ್ಟು ಸಾರ ಕರಗಿತ್ತು ಅನ್ನೋ ಲೆಕ್ಕ: 10°P ಅಂದರೆ 100 ಗ್ರಾಂ ರಸದಲ್ಲಿ 10 ಗ್ರಾಂ. ಹುದುಗಿದ ಮೇಲೆ ಮದ್ಯದ ಪ್ರಮಾಣ ಸುಮಾರು ಅದರ ನೂರಕ್ಕೆ ನಲವತ್ತು ಭಾಗ. ಹಾಗಾಗಿ 8°P ಬಿಯರು 3% ಆಸುಪಾಸು, 10°P ಸುಮಾರು 4%, 12°P ಐದಕ್ಕೆ ಹತ್ತಿರ. ಮದ್ಯದ ಅಂಶ ಬೇರೆ ಸಾಲಿನಲ್ಲಿ "%vol" ಅಂತ ಇರುತ್ತೆ, ಅದನ್ನೇ ನೋಡಿ.

ಭಾರತದಲ್ಲಿ 7-8% ಸ್ಟ್ರಾಂಗ್ ಬಿಯರಿಗೆ ಒಗ್ಗಿದವರಿಗೆ ಇದು ನೀರಿನ ಹಾಗೆ ಅನಿಸುತ್ತೆ, ಅಲ್ಲೇ ಲೆಕ್ಕ ತಪ್ಪೋದು. 4% ಬಿಯರಿನ ಒಂದು ಲೀಟರ್ ಮಗ್‌ನಲ್ಲಿ 40 ಮಿ.ಲೀ. ಶುದ್ಧ ಮದ್ಯ, ಅಂದರೆ ಸುಮಾರು 32 ಗ್ರಾಂ. ಸಾಮಾನ್ಯ ಮೈಕಟ್ಟಿನವರ ಪಿತ್ತಜನಕಾಂಗ ಗಂಟೆಗೆ ಕರಗಿಸೋದು 7-8 ಗ್ರಾಂ. ಒಂದೇ ಮಗ್ ಇಳಿಯೋಕೆ ನಾಲ್ಕು ಗಂಟೆ ಬೇಕು. ಮೇಜಿನ ನಡುವೆ ಉದ್ದನೆ ಕೊಳವೆಯ ಹಾಗೆ ನಿಲ್ಲಿಸೋ ಬಿಯರ್ ಗೋಪುರದಲ್ಲಿ ಸಾಮಾನ್ಯವಾಗಿ ಮೂರು ಲೀಟರು ಹಿಡಿಯುತ್ತೆ. ಅದರಿಂದ ಸಣ್ಣ ಲೋಟಕ್ಕೆ ಆಗಾಗ ತುಂಬ್ತಾ ಇದ್ದರೆ ಎಷ್ಟು ಕುಡಿದಿರಿ ಅಂತ ಯಾರಿಗೂ ಗೊತ್ತಾಗಲ್ಲ. ನಿಮ್ಮ ಪಾಲಿಗೆ ಒಂದು ಮಗ್ ಅಂತ ಇಟ್ಟುಕೊಳ್ಳಿ, ಅದರಿಂದಲೇ ಕುಡೀರಿ.

ಕಡಲ_ತಡಿ

ಮೀನು ತಿನ್ನೋರಿಗೆ ನನ್ನ ಕಡೆಯಿಂದ. ಆ ಊರಲ್ಲಿ ಬಿಯರ್ ಅಂದರೆ ಜೊತೆಗೆ "ಗಾಲಾ" ಇರಲೇಬೇಕು. ನಮ್ಮ ಮಂಗಳೂರು ಕಡೆ ಮರುವಾಯಿ, ಕಾರವಾರದ ಕಡೆ ತಿಸ್ರೆ ಅಂತೀವಲ್ಲ, ಅದೇ ಜಾತಿ. ಕೊಲ್ಲಿಯ ಉತ್ತರಕ್ಕಿರುವ ಹೋಂಗ್‌ದಾವ್‌ನ ಮರುವಾಯಿಗೆ ಹೆಸರು ಜಾಸ್ತಿ. ಒಣಮೆಣಸು, ಶುಂಠಿ, ಬೆಳ್ಳುಳ್ಳಿ ಹಾಕಿ ದೊಡ್ಡ ಉರಿಯಲ್ಲಿ, ಚಿಪ್ಪು ಬಾಯಿ ಬಿಡುವಷ್ಟೇ ಹೊತ್ತು ಬಾಡಿಸ್ತಾರೆ. ತೆಂಗಿನಕಾಯಿ ಮಸಾಲೆ ಇಲ್ಲ, ಹುಳಿ ಇಲ್ಲ. ಕಡಲಿನ ಉಪ್ಪೇ ರುಚಿ. ತಟ್ಟೆಯಲ್ಲಿ ಬಾಯಿ ಬಿಡದೆ ಉಳಿದ ಚಿಪ್ಪನ್ನು ಒಡೆದು ತಿನ್ನಬೇಡಿ, ಬದಿಗಿಡಿ. ಮೊದಲ ಎರಡು ಮೂರರಲ್ಲೇ ಹಲ್ಲಿಗೆ ಮರಳು ಸಿಕ್ಕರೆ ಉಪ್ಪುನೀರಲ್ಲಿ ಸರಿಯಾಗಿ ನೆನೆಹಾಕಿಲ್ಲ ಅಂತ ಅರ್ಥ. ಇಡೀ ತಟ್ಟೆ ಹಾಗೇ ಇರುತ್ತೆ, ವಾಪಸ್ ಕೊಡಿ. ಬೊಂಡಾಸನ್ನು ಕಾದ ಕಬ್ಬಿಣದ ಮೇಲೆ ಒತ್ತಿ ಸುಡೋದು ಕೂಡ ಚೆನ್ನಾಗಿರುತ್ತೆ. ಯೂರಿಕ್ ಆಮ್ಲ ಜಾಸ್ತಿ ಇರೋರು, ಗೌಟ್ ಇರೋರು ಚಿಪ್ಪುಮೀನು ಬಿಯರ್ ಎರಡನ್ನೂ ಒಟ್ಟಿಗೆ ಹೊಡೀಬೇಡಿ. ಮಾರನೇ ದಿನ ಕಾಲ್ಬೆರಳು ಊದಿಕೊಂಡರೆ ವಿಮಾನ ಹತ್ತೋದೇ ಕಷ್ಟ.

ಬೆಲೆ ವಿಚಾರದಲ್ಲಿ ಆ ಊರಿನ ಒಂದು ಪ್ರಕರಣ ಎಲ್ಲರೂ ನೆನಪಿಡಬೇಕು. 2015ರ ಅಕ್ಟೋಬರ್ ರಜೆಯಲ್ಲಿ ಪ್ರವಾಸಿಯೊಬ್ಬರು ಸಿಗಡಿ ತರಿಸಿದರು, ಪಟ್ಟಿಯಲ್ಲಿ 38 ಯುವಾನ್ ಅಂತ ಇತ್ತು. ತಟ್ಟೆಗೆ 38 ಅಂದುಕೊಂಡರೆ, ತಿಂದಾದ ಮೇಲೆ ಒಂದೊಂದು ಸಿಗಡಿಗೆ 38 ಅಂದರು. ಬರೀ ಸಿಗಡಿಗೇ 1,500 ಯುವಾನ್ ದಾಟಿತು. ದೇಶವೆಲ್ಲ ಗಲಾಟೆಯಾಗಿ, ಹೋಟೆಲಿಗೆ 90,000 ಯುವಾನ್ ದಂಡ ಬಿತ್ತು. ಅದಾದ ಮೇಲೆ ಬಿಗಿ ಬಂದಿದೆ, ಆದರೂ ಕೇಳುವ ಅಭ್ಯಾಸ ಬಿಡಬೇಡಿ: ಬೆಲೆ ಜಿನ್‌ಗಾ, ಒಂದಕ್ಕಾ, ತಟ್ಟೆಗಾ? ಜಿನ್‌ಗೆ ಅಂದರೆ ನಿಮ್ಮ ಮುಂದೆಯೇ ತೂಗಿಸಿ. ನೀರು ಸೋರೋ ಚೀಲದ ಸಮೇತ ತೂಗಿದರೆ, ನೀರು ಬಸಿದು ತೂಗಿ ಅಂತ ಸನ್ನೆ ಮಾಡಿ. ಬೆಲೆ ಪಟ್ಟಿಯ ಫೋಟೋ ತೆಗೆದುಕೊಳ್ಳಿ. ತಕರಾರಾದರೆ ಗ್ರಾಹಕ ದೂರಿಗೆ 12315.

ಬೆರಳೆಣಿಕೆಯಲ್ಲೂ ಮೋಸ ಹೋಗೋದುಂಟು, ಯಾರೂ ಮೋಸ ಮಾಡದೆ ಇದ್ದರೂ. ಚೀನಾದಲ್ಲಿ ಹೆಬ್ಬೆರಳು ಮತ್ತು ತೋರುಬೆರಳು ಬಿಚ್ಚಿ ತೋರಿಸಿದರೆ ಅದು 8. ನಮಗೆ ಎರಡರ ಹಾಗೆ ಕಾಣುತ್ತೆ. ಹೆಬ್ಬೆರಳು ಕಿರುಬೆರಳು ಬಿಚ್ಚಿದರೆ 6. ಇದರಿಂದ ಎರಡು ತಟ್ಟೆ ಬೇಕು ಅಂದವರ ಮುಂದೆ ಎಂಟು ತಟ್ಟೆ ಬಂದು ಕೂರಬಹುದು. ಎರಡು ಬೇಕಾದರೆ ತೋರುಬೆರಳು, ನಡುಬೆರಳು ತೋರಿಸಿ. ಅಥವಾ ಫೋನಿನಲ್ಲಿ ಅಂಕೆ ಒತ್ತಿ.

ಸೊಪ್ಪಿನ_ಸಾರು

ಸಸ್ಯಾಹಾರಿ ಸ್ನೇಹಿತರಿಗೆ: ಉಪವಾಸ ಬೀಳಲ್ಲ, ಆದರೆ "ಮಾಂಸ ಬೇಡ" ಅಂದರೆ ಸಾಲದು. ಅಲ್ಲಿ ಮಾಂಸ ಅಂದರೆ ತುಂಡು. ಕೋಳಿ ಪುಡಿ, ಹಂದಿ ಕೊಬ್ಬು, ಒಣ ಸಿಗಡಿ ಅವರ ಲೆಕ್ಕದಲ್ಲಿ ಮಸಾಲೆ ಸಾಮಾನು. ಹೊರಡುವ ಮುಂಚೆಯೇ ಅಲ್ಲಿನವರ ಕೈಯಲ್ಲಿ ಚೀನಿಯಲ್ಲಿ ಒಂದು ಚೀಟಿ ಬರೆಸಿಕೊಳ್ಳಿ: ಮಾಂಸ, ಮೀನು, ಸಿಗಡಿ, ಮೊಟ್ಟೆ, ಕೋಳಿ ಪುಡಿ, ಪ್ರಾಣಿ ಕೊಬ್ಬು, ಆಯ್‌ಸ್ಟರ್ ಸಾಸ್ ಯಾವುದೂ ಬೇಡ. ಹೀಗೆ ಒಂದೊಂದಾಗಿ ಹೆಸರಿಸಬೇಕು. ಬಾಯಲ್ಲಿ "ವೋ ಚಿ ಸೂ" ಅಂದರೆ ಸಸ್ಯಾಹಾರಿ ಅಂತ ಗೊತ್ತಾಗುತ್ತೆ.

ನಂಬಿ ತರಿಸಬಹುದಾದವು: ಉಪ್ಪುನೀರಲ್ಲಿ ಬೇಯಿಸಿದ ಕಡಲೆಕಾಯಿ ಮತ್ತು ಹಸಿ ಸೋಯಾ ಕಾಯಿ (ಬಿಯರಿಗೆ ಇದಕ್ಕಿಂತ ಒಳ್ಳೇ ಜೋಡಿ ಇಲ್ಲ, ಎಲ್ಲ ಡೇರೆಯಲ್ಲೂ ಸಿಗುತ್ತೆ), ಜಜ್ಜಿದ ಸೌತೆಕಾಯಿಗೆ ಬೆಳ್ಳುಳ್ಳಿ ವಿನಿಗರ್ ಹಾಕಿದ್ದು, ಹುರಿದ ಕಡಲೆಬೀಜ. ಸುಟ್ಟ ಬದನೆಕಾಯಿ, ಸುಟ್ಟ ಮಂಟೋ (ಹಬೆಯಲ್ಲಿ ಬೇಯಿಸಿದ ಬನ್ನು) ಚೂರು ರುಚಿಯಾಗೇ ಇರುತ್ತವೆ. ಆದರೆ ಒಲೆ ಒಂದೇ, ಎಣ್ಣೆ ಸವರುವ ಬ್ರಶ್ಶೂ ಒಂದೇ, ಕುರಿ ಮಾಂಸಕ್ಕೆ ಹಚ್ಚಿದ್ದನ್ನೇ ಬದನೆಕಾಯಿಗೂ ಹಚ್ತಾರೆ. ಅದು ಆಗದವರು ಸುಟ್ಟದ್ದರ ತಂಟೆಗೆ ಹೋಗಬೇಡಿ. ಆ ಊರಿನ ವಿಶೇಷ ಕಡಲ ಪಾಚಿಯ ಲ್ಯಾಂಗ್‌ಫೆನ್: ಪಾರದರ್ಶಕ, ತಣ್ಣಗೆ ಅಲುಗಾಡುವ ತುಂಡುಗಳು, ಮೇಲೆ ವಿನಿಗರ್ ಬೆಳ್ಳುಳ್ಳಿ. ಅದು ಪೂರ್ತಿ ಸಸ್ಯದ್ದೇ, ಆದರೆ ಮೇಲೆ ಒಣ ಸಿಗಡಿ ಉದುರಿಸುವ ಪದ್ಧತಿ ಇದೆ. ಚೀಟಿ ತೋರಿಸಿಯೇ ತರಿಸಿ.

ಇದೆಲ್ಲ ಹೊಟ್ಟೆ ತುಂಬುವ ಊಟ ಅಲ್ಲ, ನಂಚಿಕೊಳ್ಳುವ ಪದಾರ್ಥ. ಖಾಲಿ ಹೊಟ್ಟೆಗೆ ಬಿಯರ್ ಬೀಳೋದು ಸಸ್ಯಾಹಾರಿಗಳಿಗೇ ಜಾಸ್ತಿ. ಸಂಜೆ 4ಕ್ಕೆ ಊರೊಳಗೆ ಅನ್ನ ಸೊಪ್ಪು ತೋಫು ಏನಾದರೂ ಗಟ್ಟಿಯಾಗಿ ತಿಂದು ಹೊರಡಿ.

ಧಾರವಾಡದ_ಪೇಢಾ

ಗಾನ್‌ಬೇ, ಅಂದ್ರ ಲೋಟ ಎತ್ತಿ ಕುಡಿಯೂ ರಿವಾಜಿನ ಬಗ್ಗೆ ಯಾರೂ ಬರದಿಲ್ಲ, ನಾ ಬರೀತೀನಿ ನೋಡ್ರಿ. ಕಂಪನಿಯವರು ಜೊತಿಗೆ ಬರ್ತಾರಂದ್ರ ಇದು ಭಾಳ ಮುಖ್ಯ. ಶಾಂದೋಂಗ್ ಅಂದ್ರ ಚೀನಾದಾಗ ಮರ್ಯಾದಿ ರೀತಿ-ರಿವಾಜಿಗೆ ಹೆಸರಾದ ನಾಡು.

ಹೋಟೆಲಿನ ಗುಂಡು ಮೇಜಾದ್ರ, ಬಾಗಿಲಿಗೆ ಮುಖ ಮಾಡಿದ ಜಾಗಾ ಮುಖ್ಯ ಯಜಮಾನಂದು. ಅವನ ಬಲಕ್ಕ ಮುಖ್ಯ ಅತಿಥಿ, ಎಡಕ್ಕ ಎರಡನೇ ಅತಿಥಿ, ಎದುರಿಗೆ ಉಪ ಯಜಮಾನ. ಅವರು ಕೂಡಿಸಿದಲ್ಲೇ ಕೂಡ್ರಿ. ಮೊದಲ ಸುತ್ತು ಮುಖ್ಯ ಯಜಮಾನ ಎತ್ತತಾನ, ಆಮೇಲೆ ಉಪ ಯಜಮಾನ. ಅವರಿಬ್ಬರದೂ ಮುಗಿಯೋತನಕ ಅತಿಥಿ ತಾನಾಗಿ ಲೋಟ ಎತ್ತಬಾರದು. ನಿಮ್ಮ ಸರದಿ ಬಂದಾಗ ಎದ್ದು ನಿಂತು, ಎರಡೂ ಕೈಲೆ ಲೋಟ ಹಿಡಿದು, ಹಿರಿಯರ ಲೋಟದ ಅಂಚಿಗಿಂತ ನಿಮ್ಮದು ಒಂದು ಬೆರಳು ಕೆಳಗಿರೂಹಂಗ ತಾಗಿಸ್ರಿ. ಅವರೂ ಕೆಳಗ ಇಳಸ್ತಾರ. ಒಂದೆರಡು ಸಲ ಆದ ಮ್ಯಾಲೆ ಬಿಟ್ಟುಬಿಡ್ರಿ, ನೆಲ ಮುಟ್ಟೋತನಕ ಬ್ಯಾಡ. ಮೇಜು ದೊಡ್ಡದಿದ್ದು ಕೈ ಮುಟ್ಟಲಿಲ್ಲಂದ್ರ ಲೋಟದ ತಳಾ ಮೇಜಿಗೆ ಮೆಲ್ಲಕ ತಟ್ಟಿದ್ರ ಸಾಕು. ಹಬ್ಬದ ಡೇರೆದಾಗ ಇಷ್ಟು ಬಿಗಿ ಇರೂದಿಲ್ಲ, ಆದ್ರ ಕಂಪನಿ ಹಿರಿಯರು ಇದ್ರ ಇದೇ ಕ್ರಮ ನಡೀತದ.

"ಗಾನ್‌ಬೇ" ಅಂದ್ರ ಲೋಟ ಖಾಲಿ ಮಾಡಬೇಕು. "ಸ್ವೇ-ಯಿ" ಅಂದ್ರ ನಿಮ್ಮ ಇಷ್ಟದಷ್ಟು. ಹೇಳೂದಿದ್ರ ಮೊದಲನೇ ಲೋಟದ ಹೊತ್ತಿಗೇ ನಗ್ತಾ "ಸ್ವೇ-ಯಿ" ಅನ್ನಬೇಕು. ಐದು ಗಾನ್‌ಬೇ ಮಾಡಿ ಆರನೇದಕ್ಕ ಬ್ಯಾಡಂದ್ರ ಆ ಮನಿಷ್ಯಾಗ ಬೇಸರ ಆಗ್ತದ: ಅವಂಗ ಕುಡದಿ, ನನಗ ಯಾಕ ಒಲ್ಲಿ ಅಂತ. ಮತ್ತ ಒಂದು ಮಾತು, ಬಿಯರ್ ನಡುವ ಬೈಜ್ಯೌ (ಧಾನ್ಯದಿಂದ ಭಟ್ಟಿ ಇಳಿಸಿದ ಸಾರಾಯಿ) ಬಾಟಲಿ ಬಂದ್ರ ಹುಷಾರ. ಅದರಾಗ ಮದ್ಯ 50% ದಾಟಿರಬಹುದು. ಸಣ್ಣ ಲೋಟ ನೋಡಿ ಮರುಳಾಗಬ್ಯಾಡ್ರಿ.

ನೀರು_ಮಜ್ಜಿಗೆ

ಕುಡಿಯದೇ ಇರೋರು ಏನು ಮಾಡ್ಬೇಕು? ಒತ್ತಾಯ ಜಾಸ್ತಿ ಅಂತ ಎಲ್ಲೆಡೆ ಓದಿದ್ದೇನೆ.

ಧಾರವಾಡದ_ಪೇಢಾ

ಒತ್ತಾಯ ಹಿಂದಿನಷ್ಟು ಇಲ್ಲ. ಮೊದಲಿಂದಲೂ ಕುಡಿಯೂದಿಲ್ಲ ಅಂತ ಕೂತರ ಯಾರಿಗೂ ಬೇಸರಿಲ್ಲ. ಗುಳಿಗಿ ನಡದದ, ಡಾಕ್ಟರು ಬ್ಯಾಡಂದಾರ ಅನ್ನೂದನ್ನ ಅಲ್ಲಿ ತಕ್ಷಣ ಒಪ್ಪತಾರ. ಚಹಾ ಅಥವಾ ಹಣ್ಣಿನ ರಸ ಲೋಟಕ್ಕ ಹಾಕಿಕೊಂಡು ಸರದಿ ಬಂದಾಗ ಎತ್ತಬೇಕು. ಎತ್ತೂದು ಮರ್ಯಾದಿ, ಒಳಗೇನದ ಅನ್ನೂದು ಆಮೇಲೆ. "ಬು ಹ ಲ" ಅಂದ್ರ ಇನ್ನ ಸಾಕು. ಲೋಟದ ಬಾಯಿ ಅಂಗೈಲೆ ಮುಚ್ಚಿದ್ರ ತುಂಬೂದಿಲ್ಲ.

ನೀವೂ ಅವರಿಗೆ ಒತ್ತಾಯ ಮಾಡಬ್ಯಾಡ್ರಿ. ಒಂದು ಲೋಟಕ್ಕ ಮಾರಿ ಕುತ್ತಿಗಿ ಕೆಂಪಗಾದ್ರ ಅದು ನಾಚಿಕಿ ಅಲ್ಲ. ಪೂರ್ವ ಏಷ್ಯಾದ ಭಾಳ ಮಂದಿಗೆ ಮದ್ಯ ಒಡದಾಗ ಹುಟ್ಟೂ ಅಸಿಟಾಲ್ಡಿಹೈಡ್ ವಿಷ ಕರಗಿಸೂ ಕಿಣ್ವ ದುರ್ಬಲ ಇರ್ತದ. ಅಂಥವರಿಗೆ ಮ್ಯಾಲೆ ಮ್ಯಾಲೆ ಗಾನ್‌ಬೇ ಅನ್ನೂದು ಆರೋಗ್ಯಕ್ಕ ಕೇಡು.

ಪೂರ್ವ_ಸಮುದ್ರ

ವಾಪಸ್ ಬರುವ ವಿಚಾರ ಅರ್ಧಕ್ಕೆ ಬಿಟ್ಟಿದ್ದೆ, ಮುಗಿಸ್ತೀನಿ.

ಮೆಟ್ರೋ ತಪ್ಪಿದರೆ ದೀದಿ. ಬಾಗಿಲ ಮುಂದೆ ನಿಂತು ಕರೀಬೇಡಿ. ಆ ರಸ್ತೆಗೆ ಕಾರು ಬಿಡಲ್ಲ, ಬಿಟ್ಟರೂ ಸಾವಿರಾರು ಜನರಲ್ಲಿ ಚಾಲಕನಿಗೆ ನೀವು ಸಿಗಲ್ಲ, ಚೀನಿಯಲ್ಲಿ ಫೋನು ಮಾಡ್ತಾನೆ, ನಿಮಗೆ ಅರ್ಥ ಆಗಲ್ಲ, ಸವಾರಿ ರದ್ದು. ಒಂದು ಕಿಲೋಮೀಟರ್ ನಡೆದು ದೊಡ್ಡ ಹೋಟೆಲಿನ ಅಂಗಳದಿಂದ ಕರೀರಿ, ಬಾಡಿಗೆಯೂ ಇಳಿದಿರುತ್ತೆ. ಸಂದೇಶಗಳನ್ನು ಆ್ಯಪ್ ಅನುವಾದ ಮಾಡುತ್ತೆ, ಫೋನಿನ ಬದಲು ಬರಹದಲ್ಲೇ ಮಾತಾಡಿ. ಕಾರಿನ ನಂಬರಿನ ಕೊನೆ ಅಂಕೆಗಳನ್ನು ಹೊಂದಿಸಿ ನೋಡಿಯೇ ಹತ್ತಬೇಕು. "ಟ್ಯಾಕ್ಸಿ ಬೇಕಾ" ಅಂತ ತಾವಾಗಿ ಬಂದು ಕೇಳುವವರ ಕಾರು ಬೇಡ. ಫೋನಿನ ಬ್ಯಾಟರಿ ಸತ್ತರೆ ದುಡ್ಡು, ದಾರಿ, ಭಾಷೆ ಮೂರೂ ಒಟ್ಟಿಗೆ ಸಾಯುತ್ತವೆ. ಪವರ್ ಬ್ಯಾಂಕ್ ಒಯ್ಯಿರಿ, ಹೋಟೆಲಿನ ವಿಳಾಸದ ಕಾಗದದ ಕಾರ್ಡು ಜೇಬಲ್ಲಿರಲಿ.

ಬೀದಿಯಲ್ಲಿ ಸಾಲಾಗಿ ನಿಂತ ಬಾಡಿಗೆ ಸೈಕಲ್ ಕಣ್ಣಿಗೆ ಬೀಳುತ್ತೆ, ಹತ್ತಬೇಡಿ. ಅಲ್ಲಿ ರಕ್ತದಲ್ಲಿ 100 ಮಿ.ಲೀ.ಗೆ 20 ಮಿ.ಗ್ರಾಂ ಮದ್ಯ ಮುಟ್ಟಿದರೆ ವಾಹನ ಚಾಲಕರಿಗೆ ದಂಡ, 80 ಮುಟ್ಟಿದರೆ ಅಪರಾಧ ಪ್ರಕರಣ. ಅಮಲಿನಲ್ಲಿ ಸೈಕಲ್ಲು, ಎಲೆಕ್ಟ್ರಿಕ್ ಬೈಕು ಓಡಿಸೋದಕ್ಕೂ ನಿಷೇಧ ಇದೆ. ಜೊತೆಗಾರರು ಕಾರು ತಂದಿದ್ದರೆ "ದಾಯ್‌ಜ್ಯಾ" ಕರೆಸ್ತಾರೆ: ಬಾಡಿಗೆ ಚಾಲಕ ಮಡಚುವ ಸಣ್ಣ ಬೈಕಿನಲ್ಲಿ ಬಂದು, ಅದನ್ನು ಡಿಕ್ಕಿಗೆ ಹಾಕಿ, ಇವರ ಕಾರನ್ನು ಮನೆ ಮುಟ್ಟಿಸ್ತಾನೆ. ಅದಿಲ್ಲದೆ ಕುಡಿದವರೇ ಚಕ್ರ ಹಿಡಿದರೆ ನೀವು ಆ ಕಾರು ಹತ್ತಬೇಡಿ, ಎಷ್ಟೇ ದಾಕ್ಷಿಣ್ಯ ಆದರೂ.

ಪೊಲೀಸ್ 110, ಆಂಬುಲೆನ್ಸ್ 120. ಹೋಟೆಲಿನಲ್ಲಿ ಉಳಿದರೆ ಪೊಲೀಸ್ ನೋಂದಣಿ ಅವರೇ ಮಾಡ್ತಾರೆ. ಯಾರದ್ದಾದರೂ ಮನೆಯಲ್ಲಿ ಮಲಗಿದರೆ 24 ಗಂಟೆಯೊಳಗೆ ಠಾಣೆಯಲ್ಲಿ ನೀವೇ ನೋಂದಾಯಿಸಬೇಕು.

ಹೂವಿನ_ಹಡಗಲಿ_ಅಕ್ಕ

ಹೆಣ್ಣುಮಕ್ಕಳಿಗೆ ಎರಡು ಮಾತು ಸೇರಿಸ್ತೀನಿ. ಶೌಚಾಲಯಕ್ಕೆ 9 ಗಂಟೆ ನಂತರ ಉದ್ದ ಸಾಲು, ಕಾಗದ ಇರಲ್ಲ, ಹೆಚ್ಚಿನವು ನೆಲಮಟ್ಟದವು. ಟಿಶ್ಯೂ, ಸ್ಯಾನಿಟೈಸರ್ ಒಯ್ಯಿರಿ, ಅವಸರ ಆಗುವ ಮುಂಚೆಯೇ ಹೋಗಿ ನಿಲ್ಲಿ. ನೆಲ ಬಿಯರಿನಿಂದ ಒದ್ದೆಯಾಗಿ ಜಾರುತ್ತೆ, ಒಡೆದ ಗಾಜೂ ಇರಬಹುದು. ಚಪ್ಪಲಿ ಬೇಡ, ಮುಚ್ಚಿದ ಶೂ ಹಾಕಿ. ವಿದೇಶಿಯರನ್ನು ಕಂಡರೆ ಪಕ್ಕದ ಮೇಜಿನವರು ಫೋಟೋ ಕೇಳ್ತಾರೆ, ಲೋಟ ತುಂಬಿಸಿ ಕೊಡ್ತಾರೆ. ಹೆಚ್ಚಿನವರದು ಪ್ರೀತಿಯೇ. ಆದರೂ ನಿಮ್ಮ ಕಣ್ಣ ಮುಂದೆ ಸುರಿದದ್ದನ್ನೇ ಕುಡೀರಿ, ಬಿಟ್ಟುಹೋದ ಲೋಟಕ್ಕೆ ಮತ್ತೆ ಬಾಯಿ ಹಾಕಬೇಡಿ.

ಮಲೆನಾಡ_ಮಳೆ

ಎಲ್ಲರಿಗೂ ನಮಸ್ಕಾರ, ಇಷ್ಟು ಸಿಗುತ್ತೆ ಅಂದುಕೊಂಡಿರಲಿಲ್ಲ. ಮಳೆ ಬಂದರೆ? ಮತ್ತೆ ಯುವಾನ್‌ಜ್ಯಾಂಗ್ ಊರಿಗೆ ತರಬಹುದಾ?

ಪೂರ್ವ_ಸಮುದ್ರ

ಜುಲೈ ಆಗಸ್ಟ್ ಅಲ್ಲಿ ಮಳೆಗಾಲವೇ. ದೊಡ್ಡ ಡೇರೆಗಳಿಗೆ ಮಾಡು ಇರುತ್ತೆ, ಸಾಧಾರಣ ಮಳೆಗೆ ಹಬ್ಬ ನಿಲ್ಲಲ್ಲ. ಚಂಡಮಾರುತದ ಸೂಚನೆ ಬಂದರೆ ಮುಚ್ತಾರೆ, ಬೆಳಗ್ಗೆಯೇ ಹಬ್ಬದ ವಿಚ್ಯಾಟ್ ಪುಟ ನೋಡಿ. ಕೊಡೆಗಿಂತ ತೆಳು ಮಳೆಕೋಟು ಅನುಕೂಲ. ರಾತ್ರಿ ಕಡಲಗಾಳಿಗೆ ಮೈ ತಣ್ಣಗಾಗುತ್ತೆ, ಒಂದು ಪದರ ಬಟ್ಟೆ ಹೆಚ್ಚಿಗೆ ಇರಲಿ. ಕಡಲತೀರದಲ್ಲಿ ಹಸಿರು ಪಾಚಿ ರಾಶಿ ಬಿದ್ದು ಕೊಳೆತ ವಾಸನೆ ಬಂದರೆ ಗಾಬರಿ ಬೇಡ. 2008ರ ಒಲಿಂಪಿಕ್ಸ್ ಹಾಯಿದೋಣಿ ಸ್ಪರ್ಧೆ ಅಲ್ಲೇ ನಡೆದಾಗಲೂ ಅದನ್ನು ಬಾಚಿ ತೆಗೆಯೋಕೆ ದೊಡ್ಡ ಕಾರ್ಯಾಚರಣೆ ಆಗಿತ್ತು. ಬೇಸಿಗೆಯಲ್ಲಿ ತೇಲಿಬರುತ್ತೆ, ತೆಗೀತಾ ಇರ್ತಾರೆ.

ಹಾಪ್ಸ್_ಮಾಲ್ಟ್

ಯುವಾನ್‌ಜ್ಯಾಂಗ್ ತರಬೇಡಿ. ವಿಮಾನದ ಸಾಮಾನಿನಲ್ಲಿ ತಂಪು ಇರಲ್ಲ, ಒಳಗಿರುವ ಯೀಸ್ಟ್ ಮತ್ತೆ ಹುದುಗಿ ಗ್ಯಾಸು ಏರುತ್ತೆ, ಡಬ್ಬಿ ಉಬ್ಬಿ ಸೋರಬಹುದು, ರುಚಿಯಂತೂ ಉಳಿಯಲ್ಲ. ತರೋದಿದ್ದರೆ ಕಾಯಿಸಿ ತುಂಬಿದ ಮಾಮೂಲಿ ಡಬ್ಬಿಗಳು ಸರಿ. ಚೆಕ್-ಇನ್ ಬ್ಯಾಗಿನಲ್ಲಿ, ಒಂದೊಂದನ್ನೂ ಬಟ್ಟೆಯಲ್ಲಿ ಸುತ್ತಿ ಮೇಲೊಂದು ಪ್ಲಾಸ್ಟಿಕ್ ಚೀಲ. ಕೈಚೀಲದಲ್ಲಿ 100 ಮಿ.ಲೀ. ಮೀರಿದ ದ್ರವ ಬಿಡಲ್ಲ. ಭಾರತದ ಕಸ್ಟಮ್ಸ್‌ನಲ್ಲಿ ಒಬ್ಬರಿಗೆ ಮದ್ಯ ಎಲ್ಲ ಸೇರಿ 2 ಲೀಟರ್ ಸುಂಕವಿಲ್ಲದೆ ಬಿಡ್ತಾರೆ, ಬಿಯರೂ ಅದೇ ಲೆಕ್ಕಕ್ಕೆ ಬರುತ್ತೆ. 330 ಮಿ.ಲೀ. ಡಬ್ಬಿ ಆದರೆ ಒಬ್ಬರಿಗೆ ಆರು.